ಮರುಳಸಿದ್ದಮ್ಮನ ಕಾಲು

ಉತ್ತರಿ ಮಳೆ ಮುಗಿದು ಹಸ್ತ ಕೂಡಿದ ದಿನ. ಹೊತ್ತು ಇನ್ನೂ ಮೂಡಿರಲಿಲ್ಲ, ಮರಿಗಳನ್ನು ತಾಯಿಗೆ ಬಿಡುವ ಹೊತ್ತು. ತೊಂಬತ್ತೊಂಬತ್ತನೇ ಇಸವಿ. ಎಲೆಕ್ಷನ್ ಮುಗಿದು ಹದಿನೈದು ದಿನ ಆಗಿರಬೇಕು, ಗೋಡೆ ಮೇಲೆ ಬರೆದದ್ದು ಇನ್ನೂ ಮಾಸಿರಲಿಲ್ಲ. ನನ್ನ ಹೆಂಡತಿ ಮರುಳಸಿದ್ದಮ್ಮ ಮರಿಗಳ ಮೇಲೆ ಮುಚ್ಚಿದ್ದ ಬುಟ್ಟಿ ಎತ್ತಲಿಕ್ಕೆ ಬಗ್ಗಿದವಳು ಹಂಗೇ ಕೂತುಬಿಟ್ಟಳು. ಎಡಗಾಲು ಮುಂದೆ ಚಾಚಿ, ಮೊಣಕಾಲಿನ ಕೆಳಗೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಶಿವಲೀಲಾನ ಅಪ್ಪ," ಅಂದಳು, "ಕಾಲು ಸೇದಾಕ ಹತ್ತೈತಿ."

"ಸಣ್ಣದೋ, ದೊಡ್ಡದೋ?"

"ದೊಡ್ಡದು."

ನಾನು ಮೂಡಲಕ್ಕೆ ತಿರುಗಿ ನೋಡಿದೆ. ಬೆರಳಿನಷ್ಟು ಮೋಡ ಇರಲಿಲ್ಲ. ಆದರೂ ಅಂಗಳದಲ್ಲಿ ಹರವಿದ್ದ ಹೆಸರುಕಾಳು ಬಳಿದು ಚೀಲಕ್ಕೆ ತುಂಬಿ ಒಳಗಿಟ್ಟೆ. ಆಕಾಶ ಏನು ಹೇಳುತ್ತದೆ ಅನ್ನುವುದಕ್ಕಿಂತ ಆಕೆಯ ಕಾಲು ಏನು ಹೇಳುತ್ತದೆ ಅನ್ನುವುದನ್ನು ನಾವು ಮೊದಲು ಕೇಳುತ್ತಿದ್ದೆವು. ಮೂವತ್ತು ವರ್ಷದ ರೂಢಿ ಅದು.

ಆ ದಿನ ಹತ್ತಿದ ನೋವು, ಆ ಬ್ಯಾನಿ, ಮಳೆಯದ್ದಲ್ಲ. ಅದು ನಮಗೆ ತಿಳಿಯಲಿಕ್ಕೆ ಮೂರು ತಿಂಗಳು ಹಿಡಿಯಿತು. ತಿಳಿದಾಗ ಹೊತ್ತು ಮೀರಿತ್ತು.

ಕಾಲು ಮುರಿದದ್ದು ಆಕೆ ನಮ್ಮ ಮನೆಗೆ ಬಂದ ಎರಡನೇ ವರ್ಷ. ಕುರಿ ಹೊಡಕೊಂಡು ಹೊಳೆ ದಂಡೆಗೆ ಹೋಗಿದ್ದೆವು. ಹಳ್ಳ ದಾಟುವಾಗ ಆಕೆಯ ಕಂಕುಳಲ್ಲಿ ಎಳೇ ಮರಿ ಇತ್ತು. ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿತು, ಆಕೆ ಮರಿ ಬಿಡಲಿಲ್ಲ, ಒಂದೇ ಮಗ್ಗುಲಿಗೆ ಬಿದ್ದಳು. ಎಲುಬು ಮುರಿದ ಸಪ್ಪಳ ಆಚೆ ದಂಡೆಯಲ್ಲಿದ್ದ ನನಗೆ ಕೇಳಿಸಿತು. ಬಾಗಳಿ ಕಡೆ ವೀರಭದ್ರಯ್ಯ ಅಂತ ಎಲುಬು ಕಟ್ಟುವ ಅಯ್ಯನವರು ಇದ್ದರು. ಗಾಡಿಯಲ್ಲಿ ಹುಲ್ಲು ಹಾಸಿ ಕರಕೊಂಡು ಹೋದೆವು. ಬಿದಿರಿನ ದಬ್ಬೆ ಇಟ್ಟು, ತತ್ತಿಯ ಬಿಳಿ ಹಚ್ಚಿ, ಬಟ್ಟೆ ಸುತ್ತಿ ಕಟ್ಟಿದರು. ಎಲುಬು ಕೂಡಿತು, ಆದರೆ ಚೂರು ಡೊಂಕಾಗಿ ಕೂಡಿತು. ಕಟ್ಟು ಬಿಚ್ಚಿದ ದಿನ ಅವರು ಹೇಳಿದ್ದರು, "ಇನ್ನ ಮ್ಯಾಲೆ ಮಳಿ ಬರೋದು ಊರಿಗಿಂತ ಮೊದಲ ನಿನಗ ಗೊತ್ತಾಕ್ಕತಿ ತಂಗಿ. ಬ್ಯಾನಿ ಬಂದ್ರ ಹೆದರಬ್ಯಾಡ. ಮಳಿ ಸುರುವಾದ ಮ್ಯಾಲೆ ತಾನ ಇಳಿತೈತಿ."

ಅಯ್ಯನವರ ಮಾತು ಖರೇ ಆಯಿತು. ಮೀನಗಂಡದಲ್ಲಿ ಸೂಜಿ ಆಡಿಸಿದಂಗೆ ಆದರೆ ತುಂತುರು. ಎಲುಬಿನ ಒಳಗೆ ಇರುವೆ ಹರಿದಂಗೆ ಆದರೆ ಗಾಳಿ ಜಾಸ್ತಿ, ಮಳೆ ಕಮ್ಮಿ. ಹಗ್ಗ ಹಾಕಿ ಯಾರೋ ಸೇದಿದಂಗೆ ಆದರೆ ದೊಡ್ಡ ಮಳೆ. ಸಣ್ಣದಕ್ಕೆ ಒಂದು ದಿನ ಮುಂಚೆ, ದೊಡ್ಡದಕ್ಕೆ ಎರಡು ದಿನ ಮುಂಚೆ. ಮೊದಲ ಹನಿ ಬಿದ್ದು ಮಣ್ಣಿನ ವಾಸನೆ ಎದ್ದಿತು ಅಂದರೆ ಬ್ಯಾನಿ ಇಳಿಯುತ್ತಿತ್ತು. ಆಗ ಆಕೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಮಳೆ ನೋಡುತ್ತಿದ್ದಳು. ಮುಖದ ಗಂಟು ಒಂದೊಂದೇ ಬಿಚ್ಚುತ್ತಿತ್ತು. ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು.

ನಮ್ಮೂರು ಇಟ್ಟಿಗಿಯಿಂದ ಎರಡು ಹರದಾರಿ. ಮೊದಮೊದಲು ನಮ್ಮ ಹಟ್ಟಿಯ ಕುರಿಗಾರರು ಮಾತ್ರ ಬಂದು ಕೇಳುತ್ತಿದ್ದರು. ಆಮೇಲೆ ಶೇಂಗಾ ಕೀಳುವವರು, ಕಣ ಮಾಡುವವರು, ಮೆಣಸಿನಕಾಯಿ ಹರವುವವರು, ಗೋಡೆ ಇಡುವವರು ಎಲ್ಲಾ ಬರಲಿಕ್ಕೆ ಹತ್ತಿದರು. ಮುಂಜಾನೆ ಚರಿಗೆ ಹಿಡಕೊಂಡು ಹೋಗುವವರೂ ನಮ್ಮ ಕಟ್ಟೆ ಹತ್ತಿರ ನಿಂತು, "ಕಾಲು ಏನಂತೈತಿ ಬೇ?" ಅಂತ ಕೇಳಿಯೇ ಹೋಗುತ್ತಿದ್ದರು. ನಮ್ಮ ಹೊಲದ ನೆರೆಯವರು ಜಂಬಣ್ಣ ಅಂತ, ಹತ್ತು ಎಕರೆ ಶೇಂಗಾ ಹಾಕುತ್ತಿದ್ದರು, ಬಾಯಿ ಜೋರು, ಮನಸ್ಸು ಒಳ್ಳೇದು. ಅವರ ಮನೆಯಲ್ಲಿ ರೇಡಿಯೋ ಇತ್ತು. ಆದರೂ ಬಂದು ಕೇಳುತ್ತಿದ್ದರು.

"ರೇಡಿಯೋದಾಗ ಹೇಳಾವ ಜಿಲ್ಲಾ ಪೂರಾ ಅಂತಾನ. ಜಿಲ್ಲಾ ಎಷ್ಟು ದೊಡ್ಡದೈತಿ ನೋಡು ಬೀರಪ್ಪ. ನಿನ್ನ ಹೇಣ್ತಿ ಕಾಲು ನಮ್ಮ ಹೊಲದ ಬದುವು ಬಿಟ್ಟು ಆಚಿಗೆ ಹೋಗದುಲ್ಲ," ಅನ್ನುತ್ತಿದ್ದರು.

ಊರಿಗೆ ಬೇಕಾದವಳು ಅಂತ ಆಕೆಗೂ ಒಳಗೊಳಗೆ ಹಿಗ್ಗು ಇತ್ತು. ಕುಂಟಿ ಅಂತ ಯಾರೂ ಅನ್ನಲಿಲ್ಲ. ಮದುವೆ ಮನೆಯಲ್ಲಿ ಕೂಡಲಿಕ್ಕೆ ಜಾಗ ಮಾಡಿಕೊಡುತ್ತಿದ್ದರು. ಸುಗ್ಗಿ ಆದ ಮೇಲೆ ಒಬ್ಬರು ಶೇಂಗಾ, ಒಬ್ಬರು ಕುಬಸದ ಬಟ್ಟೆ ತಂದಿಡುತ್ತಿದ್ದರು.

ಆ ವರ್ಷ ಹಸ್ತ ಕೂಡಿದಾಗ ಊರ ಶೇಂಗಾ ಎಲ್ಲಾ ಕೀಳುವ ಹದಕ್ಕೆ ಬಂದಿತ್ತು. ಕಿತ್ತು ಹೊಲದಲ್ಲಿ ಒಣಗಲು ಹಾಕಿದ ಮೇಲೆ ಮಳೆ ಬಿದ್ದರೆ ಕಾಯಿ ಕಪ್ಪಾಗುತ್ತದೆ, ಬೂಷ್ಟು ಬರುತ್ತದೆ. ಅದಕ್ಕೇ ಎಲ್ಲಾ ನಮ್ಮ ಕಟ್ಟೆಗೆ ಬಂದರು. ಆಕೆ "ದೊಡ್ಡದೈತಿ, ಎರಡು ದಿನ ತಡೀರಿ" ಅಂದಳು. ತಡೆದರು.

ಎರಡು ದಿನ ಹೋಯಿತು, ನಾಲ್ಕು ಹೋಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಬ್ಯಾನಿ ಇಳಿಯಲಿಲ್ಲ, ದಿನದಿಂದ ದಿನಕ್ಕೆ ಏರಿತು. ಎಂಟನೇ ದಿನ ನೆಲ ಬಿಗಿದು, ಗಿಡ ಹಿಡಿದು ಎಳೆದರೆ ಬಳ್ಳಿ ಮೇಲೆ ಬಂದು ಕಾಯಿ ಮಣ್ಣಿನಲ್ಲೇ ಉಳಿಯಲಿಕ್ಕೆ ಹತ್ತಿತು. ಹತ್ತನೇ ದಿನ ಜಂಬಣ್ಣ ಬಂದು ಕಟ್ಟೆ ಮೇಲೆ ಕೂತರು.

"ಏನ್ಬೇ ಮರುಳಸಿದ್ದವ್ವ, ನಿನ್ನ ಕಾಲೂ ಎಲೆಕ್ಷನ್ನಿಗೆ ನಿಂತೈತೇನು? ಬರೇ ಮಾತು ಕೊಡಾಕ ಹತ್ತೈತಿ."

"ನಿಂತಿದ್ರ ನಿಮ್ಮ ವೋಟು ಬೀಳ್ತಿತ್ತೇನ್ರಿ ಜಂಬಣ್ಣಾರ?"

"ಹೋದ ತಿಂಗಳಾಗಿದ್ರ ಬೀಳ್ತಿತ್ತು. ಈಗ ಡಿಪಾಜಿಟ್ಟೂ ಹೋಕ್ಕತಿ."

ಅಲ್ಲಿದ್ದವರು ನಕ್ಕರು. ಆಕೆಯೂ ನಕ್ಕಳು. ನಗುವಾಗ ಕೈ ಕಾಲಿನ ಮೇಲೆ ಇತ್ತು, ಬೆರಳು ಬಿಳಿಚಿದ್ದವು. ಅದನ್ನು ನಾನು ನೋಡಿದೆ. ನೋಡಿ, ಇಷ್ಟು ಬ್ಯಾನಿ ಅಂದರೆ ಭಾರೀ ಮಳೆಯೇ ಬರುತ್ತದೆ ಅಂತ ಲೆಕ್ಕ ಹಾಕಿದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ.

ಹದಿನಾಲ್ಕನೇ ದಿನ ಜಂಬಣ್ಣ ತಾಳಲಾರದೆ ಆಳು ಹಚ್ಚಿ ಹತ್ತು ಎಕರೆಯನ್ನೂ ಕೀಳಿಸಿದರು. ಅವರನ್ನು ನೋಡಿಯೂ ಬೇರೆ ಯಾರೂ ಕೀಳಲಿಲ್ಲ, ಆದರೆ ನಮ್ಮ ಮನೆ ಮುಂದೆ ನಿಲ್ಲುವುದನ್ನೂ ಬಿಟ್ಟರು. ಕೇಳುವವರಿಲ್ಲದ ಕಟ್ಟೆ ಮೇಲೆ ಆಕೆ ಮುಂಜಾನೆ ಕೂತು ಎದ್ದು ಒಳಗೆ ಬರುತ್ತಿದ್ದಳು.

ಹದಿನೆಂಟನೇ ದಿನ, ಚಿತ್ತಿ ಮಳೆ ಕೂಡಿ ನಾಲ್ಕು ದಿನಕ್ಕೆ, ಮಧ್ಯಾಹ್ನ ಪಡುವಣದಿಂದ ಮೋಡ ಎದ್ದಿತು. ಎರಡು ಹಗಲು ಎರಡು ರಾತ್ರಿ ಸುರಿಯಿತು. ಹಳ್ಳ ದಂಡೆ ಮೀರಿ ಹರಿಯಿತು. ಜಂಬಣ್ಣನ ಶೇಂಗಾ ಗುಡ್ಡೆಯಲ್ಲೇ ನೆನೆದು, ಕಾವು ಹಿಡಿದು, ಮೊಳಕೆ ಒಡೆದು ಕೊಳೆಯಿತು. ಕೀಳದೆ ಬಿಟ್ಟವರಿಗೆ ನೆಲ ಮೆತ್ತಗಾಗಿ ಗೊಂಚಲು ಗೊಂಚಲು ಕಾಯಿ ಮೇಲೆ ಬಂತು.

ಊರೆಲ್ಲಾ ನಮ್ಮ ಮನೆಗೆ ಬಂತು. ಒಬ್ಬಾಕೆ ಆರತಿ ಮಾಡಿದಳು. ಜಂಬಣ್ಣನೂ ಬಂದರು, ತಲೆಗೆ ಗೋಣಿಚೀಲ ಹಾಕಿಕೊಂಡು, ಕೆಸರುಗಾಲಲ್ಲಿ. "ನಿನ್ನ ಮಾತು ದಾಟಿದೆ ನೋಡು. ಇನ್ನ ಮ್ಯಾಲೆ ನನ್ನ ಹೊಲದಾಗ ನೀನು ಹೂಂ ಅನ್ನಲಾರದ ಒಂದು ಕಡ್ಡಿ ಕೀಳೋದುಲ್ಲ," ಅಂದರು. 

ಮೊದಲ ಹನಿ ಬಿದ್ದಾಗ ಆಕೆ ಎಂದಿನಂತೆ ಹೊಸ್ತಿಲಿಗೆ ಬಂದು ಕಾಲು ಚಾಚಿ ಕೂತಿದ್ದಳು. ಮಣ್ಣಿನ ವಾಸನೆ ಎದ್ದಿತು. ಸೂರಿನ ನೀರು ಧಾರೆಯಾಗಿ ಇಳಿಯಿತು. ಆಕೆ ಕಾಲನ್ನೇ ನೋಡುತ್ತಾ ಕೂತಿದ್ದಳು, ಮಳೆಯನ್ನು ನೋಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಕೇಳಿದೆ, "ಇಳೀತೇನು?"

"ಇಳೀತು" ಅಂದಳು.

ಮಲಗಿದಾಗ ಆಕೆಯ ಉಸಿರು ಬ್ಯಾನಿಯ ಉಸಿರೇ ಆಗಿತ್ತು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಅದು ತಿಳಿಯುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಇಳೀತು ಅಂದಳಲ್ಲ, ಇಳಿದಿರಬೇಕು ಅಂತ ಮಗ್ಗುಲಾದೆ.

ಎಷ್ಟೋ ದಿನ ಆದ ಮೇಲೆ ಆಕೆಯೇ ಹೇಳಿದ ಮಾತಿದು: "ಹಸ್ತದಾಗ ಬಂದ ಬ್ಯಾನಿಗೂ ಚಿತ್ತಿ ಮಳಿಗೂ ಸಂಬಂಧ ಇರಲಿಲ್ಲ. ಅದು ನನಗ ಮೊದಲ ಹನಿ ಬಿದ್ದ ದಿನಾನ ಗೊತ್ತಾತು. ಊರಾಗ ಆರತಿ ಮಾಡಾಕ ಹತ್ತಿದ್ರು. ಹೆಂಗ ಹೇಳ್ಲಿ?"

ದೀಪಾವಳಿಗೆ ಮಗಳು ಶಿವಲೀಲಾ ಬಂದಳು. ಕೊಟ್ಟೂರಿಗೆ ಕೊಟ್ಟಿದ್ದೆವು, ಗಂಡನದು ಹಿಟ್ಟಿನ ಗಿರಣಿ. ಹಬ್ಬದ ದಿನ ಅವ್ವನ ತಲೆಗೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ನೀರು ಹಾಕಲಿಕ್ಕೆ ಹೋದವಳು ಅರ್ಧಕ್ಕೇ ಹೊರಗೆ ಬಂದಳು, ಕೈಯಲ್ಲಿ ಸೀಗೆಪುಡಿ ಹಂಗೇ ಇತ್ತು.

"ಅಪ್ಪ, ಅವ್ವನ ಕಾಲು ನೋಡಿಯೇನು? ಮೊಣಕಾಲ ಕೆಳಗ ನಿಂಬಿಹಣ್ಣಿನಷ್ಟು ಗೆಡ್ಡಿ ಎದ್ದೈತಿ."

"ಅದು ಹಳೇ ಎಲುಬು ಕೂಡಿದ ಗಂಟವಾ."

"ಮೂವತ್ತು ವರ್ಷದ ಗಂಟು ಈಗ ಬಿಸಿ ಆಕ್ಕತೇನು? ಚರ್ಮ ಮಿರಿಮಿರಿ ಮಿಂಚತೈತಿ. ಮುಟ್ಟಿದ್ರ ಹಲ್ಲು ಕಚ್ಚತಾಳ. ನಾಳಿಗೇ ಹರಪನಹಳ್ಳಿಗೆ ಕರಕೊಂಡು ಹೋಗೂನು."

ಒಳಗಿನಿಂದ ಆಕೆ ಕೂಗಿದಳು, "ಏ ಹುಚ್ಚಿ, ನೀರು ಆರತೈತಿ ಬಾ. ಮಳಿಗಾಲ ಮುಗುದ್ರ ಕಾಲೂ ಮುಗೀತೈತಿ."

ನಾನೂ ಅದನ್ನೇ ಅಂದೆ. "ವಿಶಾಖ ಈಗ ಕೂಡೈತಿ. ಅದೊಂದು ಮಳಿ ಕಳೀಲಿ. ಆಮ್ಯಾಲೆ ಆಕಾಶ ತಿಳಿ ಆಕ್ಕತಿ, ಬ್ಯಾನಿ ತಾನ ಇಳಿತೈತಿ. ಇಳೀಲಿಲ್ಲಂದ್ರ ಹೋಗೂನು."

"ಪಂಚಾಂಗ ನೋಡಿ ಔಷಧ ಕೊಡ್ತಿಯೇನಪ್ಪ ನೀನು?"

"ನಾನು ಮೂವತ್ತು ವರ್ಷ ನೋಡೀನಿ ಆ ಕಾಲು."

"ಕಾಲು ನೋಡಿಲ್ಲ ನೀನು. ಮಳಿ ನೋಡೀದಿ," ಅಂದಳು ಮಗಳು.

ನನಗೆ ಸಿಟ್ಟು ಬಂತು. ಮಕ್ಕಳು ದೊಡ್ಡವರಾದ ಮೇಲೆ ಹಿಂಗೇ ಅಂತ ಎದ್ದು ಕುರಿ ಹತ್ತಿರ ಹೋದೆ. ಶಿವಲೀಲಾ ಎರಡು ದಿನ ಇರಬೇಕೆಂದು ಬಂದವಳು ಮರುದಿನವೇ ಹೋದಳು. ಬಸ್ಸು ಹತ್ತುವಾಗ ಅವ್ವನಿಗೆ ಮಾತ್ರ ಹೇಳಿ ಹತ್ತಿದಳು.

ವಿಶಾಖ ಕಳೆಯಿತು. ಆಕಾಶ ತಿಳಿಯಾಯಿತು. ಚಳಿ ಬಿತ್ತು. ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಕೋಲು ಹಿಡಿದು ನಡೆಯಲಿಕ್ಕೆ ಹತ್ತಿದ್ದಳು. ಚಳಿಗೆ ಎಂಥವರ ಕಾಲೂ ಹಿಡಿಯುತ್ತದೆ ಅಂದುಕೊಂಡೆ. ರೊಟ್ಟಿ ಬಡಿಯುವಾಗ ಎಡಗಾಲನ್ನು ಮಗ್ಗುಲಿಗೆ, ಬೇರೆ ಯಾರದೋ ವಸ್ತುವನ್ನು ಇಟ್ಟಂಗೆ, ದೂರ ಇಟ್ಟುಕೊಳ್ಳುತ್ತಿದ್ದಳು.

ಎಳ್ಳಮವಾಸ್ಯೆಗೆ ಮೂರು ವಾರ ಇರುವಾಗ ಉಣ್ಣೆ ಕತ್ತರಿಸುವ ಹೊತ್ತು ಬಂತು. ನಮ್ಮ ಹಟ್ಟಿಯಲ್ಲಿ ಎಲ್ಲರೂ ಕೂಡಿ ಒಂದೇ ಸಲ ಕತ್ತರಿಸುವುದು ಪದ್ಧತಿ. ಮೊದಲ ದಿನ ಕೆರೆಯಲ್ಲಿ ಕುರಿ ತೊಳೆಯಬೇಕು, ಮರುದಿನ ಒಣಗಿದ ಮೇಲೆ ಕತ್ತರಿ ಹಾಕಬೇಕು. ಕತ್ತರಿಸಿದ ಕುರಿ ಹತ್ತು ದಿನ ಬರಿ ಮೈಯಲ್ಲಿ ಇರುತ್ತದೆ. ಬಿಸಿಲಿದ್ದರೆ ಚಿಂತೆಯಿಲ್ಲ. ಆ ಹತ್ತು ದಿನದಲ್ಲಿ ಮಳೆಯೂ ಗಾಳಿಯೂ ಕೂಡಿ ಬಂದರೆ ಕುರಿ ನಿಂತಲ್ಲೇ ನಡುಗಿ ಸಾಯುತ್ತದೆ. ಅದಕ್ಕೇ ಮರುಳಸಿದ್ದಮ್ಮನ ಕಾಲು ಕೇಳದೆ ಯಾರೂ ಕುರಿ ತೊಳೆಯುತ್ತಿರಲಿಲ್ಲ.

ಕೇಳಲಿಕ್ಕೆ ಬಂದವನು ನನ್ನ ಅಣ್ಣನ ಮಗ ಪಾಲಯ್ಯ. ಹಟ್ಟಿಯಲ್ಲಿ ಅವನದೇ ದೊಡ್ಡ ಹಿಂಡು. ತಾಯಿ ಇಲ್ಲದವನು, ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಕತ್ತರಿಯನ್ನು ರುಮಾಲಿನಲ್ಲಿ ಸುತ್ತಿ ಹಿಡಕೊಂಡು ಬಂದು ನಿಂತ.

"ಚಿಗವ್ವ, ಕಾಲು ಏನಂತೈತಿ? ನಾಳಿಗೆ ತೊಳೀಲೇನು?"

ಆಕೆ ಒಲೆಯಲ್ಲಿ ಸೌದೆ ಮುಂದೆ ದೂಡಿದಳು. ಪಾಲಯ್ಯ ನಗುತ್ತಾ, "ಯಾಕ, ಕಾಲು ನಿದ್ದಿ ಮಾಡತೈತೇನು? ಎಬ್ಬಿಸಿ ಕೇಳು," ಅಂದ.

"ತೊಳೀರಿ," ಅಂದಳು. "ಕಾಲು ತೆಪ್ಪಗೈತಿ. ಏನೂ ಇಲ್ಲ."

ಮರುದಿನ ತೊಳೆದೆವು. ಅದರ ಮರುದಿನ ಹನ್ನೆರಡು ಮಂದಿ ಸಾಲಾಗಿ ಕೂತು, ಕುರಿಗಳ ಕಾಲು ಕಟ್ಟಿ ಕತ್ತರಿಸಿದೆವು. ಮುನ್ನೂರರ ಮೇಲೆ ಕುರಿ. ಆಕೆಯೇ ಕೋಲು ಊರಿಕೊಂಡು ಅಂಬಲಿ ತಂದಳು. ಎರಡು ದಿನ ಒಳ್ಳೇ ಬಿಸಿಲು. ಮೂರನೇ ದಿನ ಮುಂಜಾನೆ ಮೂಡಲ ಕಡೆಯಿಂದ ಬೂದಿ ಬಣ್ಣದ ಮೋಡ ಕವಿಯಿತು. ಸಮುದ್ರದಲ್ಲಿ ಗಾಳಿ ಎದ್ದೈತಂತೆ ಅಂತ ರೇಡಿಯೋ ಕೇಳಿದವರು ಹೇಳಿದರು. ಹನಿ ಸಣ್ಣದು, ಆದರೆ ಗಾಳಿ ಕತ್ತಿಯಂಥದ್ದು. ಎರಡು ದಿನ ಬಿಡಲಿಲ್ಲ.

ಇದ್ದಬದ್ದ ಕಂಬಳಿ, ಗೋಣಿ, ಸೀರೆ ಎಲ್ಲಾ ಹೊದಿಸಿದೆವು. ಮುನ್ನೂರು ಕುರಿಗೆ ಎಲ್ಲಿಂದ ತರುವುದು? ಒಂದರ ಮೇಲೊಂದು ಬಿದ್ದು ಕಾವು ಹುಡುಕುತ್ತಿದ್ದವು. ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸತ್ತವು, ಮೇಲಿದ್ದವು ಚಳಿಗೆ ಸತ್ತವು. ಪಾಲಯ್ಯನವು ನಲವತ್ತೆರಡು ಹೋದವು, ನಮ್ಮವು ಹತ್ತೊಂಬತ್ತು. ಗಬ್ಬಾದ ಕುರಿಗಳೇ ಹೆಚ್ಚು. ಮಳೆ ನಿಂತ ಮೇಲೆ ಊರ ಹೊರಗೆ ಗುಂಡಿ ತೋಡಿದೆವು. ಉಣ್ಣೆ ಇಲ್ಲದ ಮೈ, ಎಳೇ ಕೂಸಿನ ಮೈಯಂಗೆ, ಕೈಗೆ ತಣ್ಣಗೆ ಹತ್ತುತ್ತಿತ್ತು.

ಪಾಲಯ್ಯ ಗುಂಡಿಯಿಂದ ನೇರ ನಮ್ಮ ಮನೆಗೆ ಬಂದ. ಮೈಯೆಲ್ಲಾ ಮಣ್ಣು. ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದ, "ಚಿಗವ್ವ, ಕಾಲು ಏನೂ ಹೇಳಲಿಲ್ಲೇನು?"

ಆಕೆ ಕೂತಲ್ಲೇ ಸೀರೆ ಮೊಣಕಾಲಿನ ಮೇಲಕ್ಕೆ ಎಳೆದಳು. ನಾನೂ ಆ ದಿನವೇ ಸರಿಯಾಗಿ ನೋಡಿದ್ದು. ಗೆಡ್ಡೆ ತೆಂಗಿನಕಾಯಿ ಗಾತ್ರ ಆಗಿತ್ತು. ಚರ್ಮ ಕೆಂಪಗೆ ಬಿಗಿದು, ನೀಲಿ ನರ ಎದ್ದು ಕಾಣುತ್ತಿತ್ತು.

"ಬಿಡಲಾರದ ಹೇಳಾಕ ಹತ್ತೈತಿ ನೋಡಪ," ಅಂದಳು. "ಹಸ್ತದಿಂದ ಒಂದ ಸಮನ. ಮಳಿಗೂ ಹಂಗ, ಬಿಸಲಿಗೂ ಹಂಗ. ಇದರ ಗದ್ದಲದಾಗ ಮಳಿದು ನನಗ ಕೇಳವಲ್ದು."

"ಮತ್ತ ತೆಪ್ಪಗೈತಿ ಅಂದೆಲ್ಲ."

"ಸೇದತೈತಿ ಅಂದಿದ್ರ ನೀವು ಕತ್ತರಿ ಮುಚ್ಚಿಟ್ಟು ಕುಂದ್ರತಿದ್ರಿ. ಹದಿನೆಂಟು ದಿನ ಊರು ಕುಂತು ನೋಡಿದ್ದು ಸಾಕಾಗಿತ್ತು. ಕಾಲು ಕೆಟ್ಟೈತಿ ಅಂದಿದ್ರ, ಇನ್ನ ಈಕಿ ಕಾಲು ಯಾತಕ್ಕೂ ಬರಂಗಿಲ್ಲ ಅಂತಿದ್ರಿ. ಬ್ಯಾಸಗಿ ಹಂಗ ಬಿಸಲಿತ್ತು. ಏನೂ ಬರಾಕಿಲ್ಲ ಅಂದ್ಕೊಂಡೆ."

ಪಾಲಯ್ಯ ಒಳಗೆ ಬಂದು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಗೆಡ್ಡೆ ಮುಟ್ಟಲು ಕೈ ಚಾಚಿ ಮುಟ್ಟದೆ ಹಿಂದಕ್ಕೆ ತಕ್ಕೊಂಡ. "ಕುರಿ ಹೋದುವು ಹೋಗ್ಲಿ," ಅಂದ. ಆಮೇಲೆ ನನ್ನ ಕಡೆ ತಿರುಗಿ, "ಚಿಗಪ್ಪ, ನೀನು ಎದಕ್ಕ ಕಾಯಾಕ ಹತ್ತಿದ್ದಿ?" ಅಂತ ಕೇಳಿದ. 

ಅದೇ ದಿನ ಟೆಂಪೋ ಮಾಡಿಕೊಂಡು ಹರಪನಹಳ್ಳಿಗೆ ಹೋದೆವು. ಅಲ್ಲಿಯವರು ನೋಡಿ ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ದಾವಣಗೆರೆಯ ದವಾಖಾನೆಯಲ್ಲಿ ಕಾಲಿನದೂ ಎದೆಯದೂ ಎಕ್ಸ್‌ರೇ ತೆಗೆದರು. ಡಾಕ್ಟರು ವಯಸ್ಸಾದವರು. ನನ್ನನ್ನೂ ಪಾಲಯ್ಯನನ್ನೂ ಒಳಗೆ ಕರೆದು ಪೋಟೋ ಬೆಳಕಿಗೆ ಹಿಡಿದರು. ಹಳೇ ಮುರಿತದ ಗೆರೆ ನನಗೂ ಕಾಣಿಸಿತು, ಡೊಂಕಾಗಿ. ಅದರ ಸುತ್ತ ಎಲುಬು ಗೆದ್ದಲು ತಿಂದ ಕಟ್ಟಿಗೆಯಂಗೆ ಇತ್ತು.

"ಯಾವಾಗಿಂದ ನೋವು?" ಅಂದರು.

"ಮೂವತ್ತು ವರ್ಷದಿಂದ್ರಿ."

ಅವರು ಕನ್ನಡಕ ತೆಗೆದು ನನ್ನ ನೋಡಿದರು. ಆಗ ಪಾಲಯ್ಯ ಎಲ್ಲಾ ಬಿಡಿಸಿ ಹೇಳಿದ: ಮಳೆಯ ಬ್ಯಾನಿ, ಹಸ್ತದಿಂದ ಹತ್ತಿದ್ದು, ಶೇಂಗಾ, ಕುರಿ. ಡಾಕ್ಟರು ನಗಲಿಲ್ಲ. "ಹಳೇ ಮುರಿತ ಇದ್ದವರು ಮೋಡ ಆದ್ರೆ ನೋಯುತ್ತೆ ಅಂತ ಬಹಳ ಜನ ನನ್ನ ಹತ್ರ ಹೇಳಿದಾರೆ. ಆದ್ರೆ ಆ ನೋವು ಬಂದು ಹೋಗುತ್ತೆ ಯಜಮಾನ್ರೆ. ಇದು ಬಂದು ಹೋಗಲಿಲ್ಲ. ಮೂರು ತಿಂಗಳು ಹೋಗದೇ ಇದ್ದದ್ದನ್ನ ನೀವು ಮಳೆ ಅಂತ ಹೆಂಗೆ ತಿಳ್ಕೊಂಡ್ರಿ?"



ಎಲುಬಿನ ಗಡ್ಡೆ, ಕೆಟ್ಟ ಜಾತಿಯದು ಅಂದರು. ಸುರುವಿನಲ್ಲೇ ಬಂದಿದ್ದರೆ ತೊಡೆ ತನಕ ಕಾಲು ತೆಗೆದು ಜೀವ ಉಳಿಸುವುದಕ್ಕೆ ದಾರಿ ಇತ್ತು. ಈಗ ಎದೆಗೂ ಹಬ್ಬೈತಿ, ಕಾಲು ತೆಗೆದರೂ ಉಪಯೋಗ ಇಲ್ಲ. ನೋವಿಗೆ ಗುಳಿಗೆ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಆಕೆ ಕೂತಿದ್ದಳು. "ಏನಂದ್ರು?" ಅಂದಳು. ಪಾಲಯ್ಯ ಅತ್ತ ತಿರುಗಿಕೊಂಡ. ನಾನು ಹೇಳಿದೆ, ಎಲ್ಲಾ ಹೇಳಿದೆ. ಆಕೆಗೆ ಮುಚ್ಚಿಡುವ ಮುಖ ನನಗಿರಲಿಲ್ಲ. ಕೇಳಿಸಿಕೊಂಡು, "ಕುಂಟಿಯಾಗಿ ಹೆಂಗೋ ಇರತಿದ್ದೆ," ಅಂದಳು. 

ಶಿವಲೀಲಾ ಸಂಕ್ರಾಂತಿ ಹೊತ್ತಿಗೆ ಬಂದು ಅವ್ವನ ಹತ್ತಿರ ಉಳಿದಳು. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲಾ ಅವಳೇ. ನನಗೆ ತಾಟು ಮುಂದೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮಾಘ ಮಾಸಕ್ಕೆ ಗುಳಿಗೆ ನಾಟದಂಗಾಯಿತು. ಒಂದು ಮುಂಜಾನೆ ಆಕೆ ಕೇಳಿದಳು, "ಶಿವಲೀಲಾನ ಅಪ್ಪ, ಮೋಡ ಐತೇನು?"

ಹೊರಗೆ ಬೆಳ್ಳನೆ ಬಿಸಿಲು. "ಇಲ್ಲ" ಅಂದೆ.

ಆಕೆ ಕಣ್ಣು ಮುಚ್ಚಿದಳು. ಮೋಡ ಇದ್ದರೆ ಮಳೆ ಬರುತ್ತದೆ, ಮಳೆ ಬಂದರೆ ಬ್ಯಾನಿ ಇಳಿಯುತ್ತದೆ. ಮೂವತ್ತು ವರ್ಷ ಬ್ಯಾನಿ ತಡಕೊಂಡದ್ದು ಆ ಒಂದು ನಂಬಿಕೆ ಮೇಲೆ. ಮೋಡವಿಲ್ಲದ ಬ್ಯಾನಿ ತಡಕೊಳ್ಳುವುದು ಆಕೆಗೆ ಗೊತ್ತಿರಲಿಲ್ಲ. ಮರುದಿನ ಮತ್ತೆ ಕೇಳಿದಳು. ನಾನು ಬಾಗಿಲಿಗೆ ಹೋಗಿ ನೋಡಿದಂಗೆ ಮಾಡಿ ಬಂದೆ.

"ಪಡುವಲಕ್ಕ ಒಂಚೂರು ಎದ್ದೈತಿ," ಅಂದೆ.

"ದೊಡ್ಡದೋ, ಸಣ್ಣದೋ?"

"ದೊಡ್ಡದ ಕಾಣತೈತಿ. ಸಂಜೀ ಮುಂದ ಬರಬೌದು."

"ಹಂಗಾದ್ರ ತಡಕೋತೀನಿ," ಅಂದಳು. ಸಂಜೆತನಕ ತಡಕೊಂಡಳು.

ಒಲೆ ಮುಂದಿದ್ದ ಶಿವಲೀಲಾ ತಲೆ ಎತ್ತಿ ನನ್ನ ನೋಡಿದಳು. ಮರುದಿನ ನಾನು ಕುರಿ ಹತ್ತಿರ ಇದ್ದಾಗ ಅವ್ವ ಕೇಳಿದ್ದಕ್ಕೆ ಅವಳೇ, "ಹೂಂ ಬೇ, ಮೂಡಲಕ್ಕ ಕಟ್ಟೈತಿ" ಅಂದಳಂತೆ.

ಊರಿಗೂ ತಿಳಿಯಿತು. ಹೇಳಿಕೊಟ್ಟವರು ಯಾರೂ ಇಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ದಿನಗಳು, ಹೊಲದಲ್ಲಿ ಕೆಲಸ ಇಲ್ಲ. ಮೊದಲಿನಂಗೆ ಮುಂಜಾನೆ ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ಈಗ ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಪಾಲಯ್ಯ ಬಂದು, "ಇರುವಿ ತತ್ತಿ ಹೊತಗೊಂಡು ಗ್ವಾಡಿ ಏರಾಕ ಹತ್ಯಾವ ಚಿಗವ್ವ," ಅಂದ. ಜಂಬಣ್ಣ ಬೆವರು ಒರೆಸಿಕೊಳ್ಳುತ್ತಾ ಬಂದು ಹಾಸಿಗೆ ಹತ್ತಿರ ಕೂತರು.

"ಮರುಳಸಿದ್ದವ್ವ, ನಮ್ಮ ಹೊಲದ ಕಡಿ ಗುಡುಗು ಕೇಳಿದೆ. ಹಿರೇಹಡಗಲಿ ಮ್ಯಾಲೆ ಕರ್ರಗಾಗೈತಿ."

ಆಕೆ ಕಣ್ಣು ತೆರೆದು ಅವರನ್ನು ನೋಡಿದಳು. ತುಟಿ ಒಣಗಿ ಸೀಳಿದ್ದವು. "ರೇಡಿಯೋದಾಗ ಹೇಳ್ಯಾನೇನ್ರಿ ಜಂಬಣ್ಣಾರ?"

"ಅವನೂ ಹೇಳ್ಯಾನ."

"ಹಂಗಾದ್ರ ಸುಳ್ಳಿರಬೇಕು," ಅಂದಳು. ಜಂಬಣ್ಣ ನಗಲಿಕ್ಕೆ ಹೋದರು, ಆಗಲಿಲ್ಲ, ಎದ್ದು ಹೊರಗೆ ಹೋಗಿ ಬಹಳ ಹೊತ್ತು ಕಟ್ಟೆ ಮೇಲೆ ಕೂತಿದ್ದರು.

ಆಕೆಗೆ ಎಲ್ಲಾ ಗೊತ್ತಿತ್ತೋ ಏನೋ. ಆದರೂ ದಿನಾ ಕೇಳುತ್ತಿದ್ದಳು, ನಾವು ದಿನಾ ಹೇಳುತ್ತಿದ್ದೆವು. ಕಡೆಕಡೆಗೆ ಮಾತು ನಿಂತು ಬರೀ ಕಣ್ಣಿನಲ್ಲಿ ಬಾಗಿಲ ಕಡೆ ತೋರಿಸುತ್ತಿದ್ದಳು. ನಾನು ಬಾಗಿಲಿಗೆ ಹೋಗಿ ಆ ಉರಿ ಬಿಸಿಲಲ್ಲಿ ನಿಂತು, "ಬಂತು, ಹತ್ತರಕ್ಕ ಬಂತು" ಅನ್ನುತ್ತಿದ್ದೆ.

ಹೋಳಿ ಹುಣ್ಣಿಮೆ ಆಗಿ ಮೂರನೇ ದಿನ, ಗುರುವಾರ, ಕುರಿ ಮೇಯಲು ಹೊರಡುವ ಹೊತ್ತಿಗೆ ಮರುಳಸಿದ್ದಮ್ಮ ಹೋದಳು. ಮಣ್ಣು ಮಾಡುವಾಗಲೂ ಬಿಸಿಲೇ ಇತ್ತು.

ಶಿವಲೀಲಾ ಹನ್ನೊಂದನೇ ದಿನದ ಕಾರ್ಯ ಮುಗಿಸಿದಳು. ಅವ್ವನ ಎರಡು ಸೀರೆ ಗಂಟು ಕಟ್ಟಿಕೊಂಡಳು. ಎರಡು ದಿನದ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟು, "ಉಣ್ಣಪ್ಪ" ಅಂದಳು. ದೀಪಾವಳಿ ಮಾತು ಎತ್ತಲಿಲ್ಲ. ನಾನು ಬಸ್ಸಿನ ತನಕ ಹಿಂದೆ ಹಿಂದೆ ನಡೆದೆ. ಕೊಟ್ಟೂರಿನ ಬಸ್ಸು ಹತ್ತಿ ಅವಳೂ ಹೋದಳು, ಭಾನುವಾರ.